ಮೊದಲು ಅವರ ಕಾಲು ನೋಡಿ

ನಾನು ನಾಟಕಗಳಿಗೆ ಬಟ್ಟೆ ಸಿದ್ಧಮಾಡುವವಳು. ಒಮ್ಮೆ ನಿರ್ದೇಶಕರೊಬ್ಬರು ಬಂದು, "ನೆಪೋಲಿಯನ್ ಕಾಲದ ಸ್ಪೇನಿನ ಗೆರಿಲ್ಲಾಗಳು, ಹನ್ನೆರಡು ಜನ. ಒಂದೇ ಥರದ ಯೂನಿಫಾರ್ಮ್ ಹೊಲಿಸಿಬಿಡಿ" ಅಂದರು. ಹನ್ನೆರಡು ಜನಕ್ಕೂ ಬೇರೆ ಬೇರೆ ಬಟ್ಟೆಯೇ ಬೇಕು ಅಂತ ಹಟ ಹಿಡಿದೆ.

1808ರಲ್ಲಿ ಸ್ಪೇನನ್ನು ಆಕ್ರಮಿಸಿದ್ದ ನೆಪೋಲಿಯನ್ನನ ಫ್ರೆಂಚ್ ಸೇನೆಯ ವಿರುದ್ಧ ಎದ್ದವರಲ್ಲಿ ರೈತರು, ಕುರಿ ಕಾಯುವವರು, ಹೇಸರಗತ್ತೆ ಹೊಡೆಯುವವರು, ಪಾದ್ರಿಗಳು ಎಲ್ಲರೂ ಇದ್ದರು. ಮೈಮೇಲಿದ್ದ ಬಟ್ಟೆಯಲ್ಲೇ ಹೊರಟವರು. ಹಾಗಾಗಿ ಬಟ್ಟೆ ನೋಡಿದರೆ ಊರು ತಿಳಿಯುತ್ತಿತ್ತು. ಕ್ಯಾಟಲೋನಿಯಾದವನ ತಲೆಯ ಮೇಲೆ ಜೋಲುವ ಉಣ್ಣೆ ಟೋಪಿ, ಬಾರೆಟೀನಾ. ವಲೆನ್ಸಿಯಾದವನಿಗೆ ಅಗಲವಾದ ಬಿಳಿ ಚಡ್ಡಿ. ಕ್ಯಾಸ್ಟೀಲಿನವನಿಗೆ ಕಂದು ಉಣ್ಣೆಯ ಗಿಡ್ಡ ಕೋಟು, ಮೊಣಕಾಲವರೆಗಿನ ಚಡ್ಡಿ, ಹೆಗಲ ಮೇಲೆ ದಪ್ಪ ಹೊದಿಕೆ. ಆ ಹೊದಿಕೆಗೆ ನಾನು ಬಣ್ಣ ಹಾಕದ ನಮ್ಮ ಕುರಿಕಂಬಳಿಯನ್ನೇ ಬಳಸುತ್ತೇನೆ. ಬೀಳುವ ರೀತಿ, ತೂಕ ಎರಡೂ ಹೊಂದುತ್ತವೆ.

ಜಾಸ್ತಿ ಜನ ತಪ್ಪುವುದು ಕಾಲಿನಲ್ಲಿ. ಎಲ್ಲರಿಗೂ ಚರ್ಮದ ಬೂಟು ತೊಡಿಸಿಬಿಡುತ್ತಾರೆ. ಕಾಲ್ನಡೆಯವರಲ್ಲಿ ಎಷ್ಟೋ ಜನ ಹಾಕುತ್ತಿದ್ದದ್ದು ಆಲ್ಪರ್ಗಾತಾ. ನಾರಿನ ಹಗ್ಗವನ್ನು ಜಡೆಯಂತೆ ಹೆಣೆದು, ಸುತ್ತಿ ಸುತ್ತಿ ಹೊಲಿದರೆ ಅಟ್ಟೆ ಆಯಿತು. ಮೇಲೆ ಒರಟು ಬಟ್ಟೆ, ಹಿಮ್ಮಡಿಯಿಂದ ಕಣಕಾಲಿಗೆ ಸುತ್ತುವ ದಾರ. ಬಂಡೆಯ ಮೇಲೆ ಸದ್ದಾಗುವುದಿಲ್ಲ, ಹರಿದರೆ ಹಳ್ಳಿಯಲ್ಲೇ ಮತ್ತೊಂದು ಸಿಗುತ್ತದೆ. ಒಂದು ಜೊತೆ ಮಾಡಿಸಿ ನಟನಿಗೆ ಕೊಟ್ಟೆ. ಅರ್ಧ ಗಂಟೆಯಲ್ಲಿ ಅವನ ನಡಿಗೆಯೇ ಬದಲಾಯಿತು. ಧಪಧಪ ಸದ್ದು ಹೋಗಿ, ಬೆಟ್ಟ ಹತ್ತುವವನ ಹೆಜ್ಜೆ ಬಂತು.

ಇನ್ನೊಂದು ಫಾಹಾ, ಅಂದರೆ ನಡುಪಟ್ಟಿ. ಇದನ್ನು ಸುಮ್ನೆ ಗಂಟು ಹಾಕಿದರೆ ಆಗದು. ಒಂದು ತುದಿಯನ್ನು ಇನ್ನೊಬ್ಬರು ಬಿಗಿಯಾಗಿ ಹಿಡಿಯಬೇಕು, ತೊಡುವವನು ತಾನೇ ತಿರುಗುತ್ತಾ ಸುತ್ತಿಕೊಳ್ಳಬೇಕು. ಪೇಟ ಸುತ್ತುವುದನ್ನು ಕಂಡವರಿಗೆ ಇದು ಬೇಗ ಕೈಗೆ ಹತ್ತುತ್ತದೆ. ಮಡಿಕೆಯೊಳಗೆ ದುಡ್ಡು, ಹೊಗೆಸೊಪ್ಪು, ಮಡಚುವ ಚಾಕು.

ಈ ಹಳ್ಳಿ ಬಟ್ಟೆ ಅವರಿಗೆ ಮರೆಯೂ ಹೌದು, ಉರುಳೂ ಹೌದು. ಬಂದೂಕು ಬಚ್ಚಿಟ್ಟು ಕುಡುಗೋಲು ಹಿಡಿದರೆ ಯಾರಿಗೂ ಗುರುತು ಸಿಗದು. ಆದರೆ ಸಿಕ್ಕಿಬಿದ್ದರೆ, ಸಮವಸ್ತ್ರ ಇಲ್ಲದವನು ಸೈನಿಕನೇ ಅಲ್ಲ, ದರೋಡೆಕೋರ ಎನ್ನುತ್ತಿದ್ದರು ಫ್ರೆಂಚರು. 1810ರ ಮೇ ತಿಂಗಳಲ್ಲಿ ಫ್ರೆಂಚ್ ಸೇನಾಪತಿ ಮಾರ್ಷಲ್ ಸುಲ್ಟ್ ಇಂಥವರನ್ನೆಲ್ಲ ದರೋಡೆಕೋರರೆಂದೇ ನೋಡಬೇಕೆಂದು ಆದೇಶ ಹೊರಡಿಸಿದ. ಹಾಗಾಗಿ ಗುಂಪು ದೊಡ್ಡದಾದಂತೆ ಸಮವಸ್ತ್ರದ ಆಸೆಯೂ ಬೆಳೆಯಿತು. ಅದನ್ನು ಬರೀ ಶೋಕಿ ಅಂತ ನಾನು ಒಪ್ಪುವುದಿಲ್ಲ. ತಾವೂ ಸೈನಿಕರೇ ಎಂದು ಹೇಳಲು ಅವರಿಗಿದ್ದ ದಾರಿಗಳಲ್ಲಿ ಅದೂ ಒಂದು, ಅಲ್ವಾ?

ಬಟ್ಟೆ ಎಲ್ಲಿಂದ ಬರಬೇಕು? ಮೊದಮೊದಲು ಶತ್ರುವಿನ ಮೈಯಿಂದಲೇ. ಸಲಮಾಂಕಾ ಸೀಮೆಯ ಗೆರಿಲ್ಲಾ ನಾಯಕ ಹೂಲಿಯಾನ್ ಸ್ಯಾಂಚೆಸ್‌ನ ಭರ್ಜಿ ಸವಾರರು ಕಿತ್ತುಕೊಂಡ ಫ್ರೆಂಚ್ ಕೋಟುಗಳನ್ನೂ ತೊಡುತ್ತಿದ್ದರು. ದೂರದಿಂದ ನೋಡಿದ ಮಿತ್ರರೇ ಗುಂಡು ಹಾರಿಸುವ ಅಪಾಯವಿತ್ತು. ಆಮೇಲೆ ಮಿತ್ರದೇಶ ಬ್ರಿಟನ್ನಿನಿಂದಲೂ ಬಟ್ಟೆ ಬಂತು. ಅದಕ್ಕೇ ನನ್ನ ಹನ್ನೆರಡರಲ್ಲಿ ಇಬ್ಬರಿಗೆ ಮಾತ್ರ ಫ್ರೆಂಚ್ ಕೋಟು. ಅದೂ ತೋಳು ಗಿಡ್ಡ, ಕೆಳಗೆ ಅದೇ ಹಗ್ಗದ ಚಪ್ಪಲಿ.

ಇವರ ನಾಯಕರಲ್ಲಿ ಎಲ್ ಎಂಪೆಸಿನಾದೊ ಎಂಬ ಹೆಸರಿನಿಂದ ಪ್ರಸಿದ್ಧನಾದ ಹುವಾನ್ ಮಾರ್ಟಿನ್ ಡಿಯೆಸ್ ರೈತ. ಮುಂದೆ ಸೇನೆಯಲ್ಲಿ ದೊಡ್ಡ ಪದವಿಗೇರಿದ. ಸ್ಪೇನಿನ ಚಿತ್ರಕಾರ ಗೋಯಾ ಬಿಡಿಸಿದನೆನ್ನುವ ಚಿತ್ರದಲ್ಲಿ ಅವನು ಮಿಲಿಟರಿ ಕೋಟು ತೊಟ್ಟಿದ್ದಾನೆ. ಯುದ್ಧ ಮುಗಿದ ಮೇಲೆ ಅವನು ಸ್ಪೇನಿನ ರಾಜನ ನಿರಂಕುಶ ಆಳ್ವಿಕೆಯನ್ನು ವಿರೋಧಿಸಿದ. 1825ರಲ್ಲಿ ರೋವಾ ಊರಿನಲ್ಲಿ ಅವನನ್ನು ನೇಣಿಗೆ ಹಾಕಿದರು. ಸೈನಿಕನಿಗೆ ಸಲ್ಲುವ ಗುಂಡಿನ ಸಾವನ್ನೂ ಅವನಿಗೆ ಕೊಡಲಿಲ್ಲ.