ಪ್ರತಿ ಏಪ್ರಿಲ್‌ನಲ್ಲಿ ಡಿಎ ಏರುತ್ತದಲ್ಲ, ಕನಿಷ್ಠ ವೇತನವನ್ನು ಮತ್ತೆ ಯಾಕೆ ಹೆಚ್ಚಿಸಬೇಕು?

ಓದುಗರ ಪ್ರಶ್ನೆ: ಬೆಂಗಳೂರಿನ ಗಾರ್ಮೆಂಟ್ಸ್ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಡಿಎ (ತುಟ್ಟಿಭತ್ಯೆ) ಸೇರುತ್ತಲೇ ಇದೆ. ಹಾಗಿದ್ದೂ ಕನಿಷ್ಠ ವೇತನ ಹೆಚ್ಚಿಸಿ ಎಂಬ ಒತ್ತಾಯ ಯಾಕೆ? ಒಮ್ಮೆಗೇ ಹೆಚ್ಚಿಸಿದರೆ ಫ್ಯಾಕ್ಟರಿ ಮುಚ್ಚಿ, ಇರುವ ಕೆಲಸವೂ ಹೋಗುವುದಿಲ್ಲವೇ?

ಉತ್ತರ: ಹೆಚ್ಚಿಸಲೇಬೇಕು. ಡಿಎ ಏರುವುದು ಸಂಬಳ ಏರಿದ ಹಾಗಲ್ಲ. ಬೆಲೆ ಏರಿದ್ದರಿಂದ ಆದ ನಷ್ಟವನ್ನು, ಅದೂ ವರ್ಷ ಕಳೆದ ಮೇಲೆ, ತುಂಬಿಕೊಡುವ ವ್ಯವಸ್ಥೆ ಅದು. ಎಷ್ಟೋ ಜನರಿಗೆ ಅದು ಪೂರ್ತಿ ತುಂಬುವುದೂ ಇಲ್ಲ.

ಕರ್ನಾಟಕದಲ್ಲಿ ವಿಡಿಎ, ಅಂದರೆ ಬೆಲೆಗೆ ತಕ್ಕಂತೆ ಬದಲಾಗುವ ಈ ಡಿಎ ಲೆಕ್ಕ ಹೀಗಿದೆ: ಹಿಂದಿನ ವರ್ಷದ ಜನವರಿಯಿಂದ ಡಿಸೆಂಬರ್‌ವರೆಗಿನ ಬೆಲೆ ಸೂಚ್ಯಂಕದ ಸರಾಸರಿ ಎಷ್ಟು ಅಂಕ ಏರಿದೆಯೋ, ಪ್ರತಿ ಅಂಕಕ್ಕೆ ದಿನಕ್ಕೆ ಇಂತಿಷ್ಟು ಪೈಸೆ. ಸಾಮಾನ್ಯವಾಗಿ 4 ಪೈಸೆ. ಸೂಚ್ಯಂಕ 400 ಅಂಕ ಏರಿದರೆ ದಿನಕ್ಕೆ 16 ರೂ., 26 ದಿನಕ್ಕೆ 416 ರೂ. ಹೆಲ್ಪರ್‌ಗೂ ಅಷ್ಟೇ, ಹತ್ತು ವರ್ಷ ಕೈ ಪಳಗಿದ ಟೈಲರ್‌ಗೂ ಅಷ್ಟೇ. ಸಮಸ್ಯೆ ಇರುವುದು ಇಲ್ಲೇ. ಲೆಕ್ಕ ಸುಲಭವಾಗಲಿ ಎಂದು ಸೂಚ್ಯಂಕ 10,000 ಇದೆ ಅಂದುಕೊಳ್ಳಿ. 400 ಅಂಕ ಏರಿತೆಂದರೆ ಬೆಲೆ ಶೇ 4ರಷ್ಟು ಏರಿತು ಎಂದರ್ಥ. ದಿನಕ್ಕೆ 400 ರೂ. ಪಡೆಯುವವರಿಗೆ 16 ರೂ. ಸೇರಿದರೆ ಸರಿಗೆ ಸರಿ. 500 ರೂ. ಪಡೆಯುವವರಿಗೆ ಅದೇ 16 ರೂ. ಬರೀ ಶೇ 3.2. ಅಂದರೆ ಸಂಬಳ ಸ್ವಲ್ಪ ಮೇಲಿದ್ದವರು ಪ್ರತಿ ಏಪ್ರಿಲ್‌ನಲ್ಲೂ ಒಂಚೂರು ಹಿಂದೆ ಬೀಳುತ್ತಾರೆ. ಹೊಸಬರಿಗೂ ಪಳಗಿದವರಿಗೂ ನಡುವಿನ ಅಂತರ ವರ್ಷದಿಂದ ವರ್ಷಕ್ಕೆ ಸವೆಯುತ್ತದೆ.

ಇಷ್ಟು ಸಣ್ಣ ಮೊತ್ತವೂ ಸಲೀಸಾಗಿ ಕೈ ಸೇರುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್‌ನವರಿಗೆ ತಿಂಗಳಿಗೆ ಸುಮಾರು 417 ರೂ. ಡಿಎ ಸೇರಬೇಕಿತ್ತು. ಕೋವಿಡ್ ಕಾರಣ ಹೇಳಿ ಸರ್ಕಾರ ಅದನ್ನು ಒಂದು ವರ್ಷ ಮುಂದೂಡಿತು, ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟಿತು. ಆಮೇಲೂ ಹಲವು ಫ್ಯಾಕ್ಟರಿಗಳು ಹಣ ಕೊಡದೆ ಕೂತವು. ತಿಂಗಳಿಗೆ 417 ರೂಪಾಯಿ, ಅದಕ್ಕೂ ಕೋರ್ಟು, ಯೂನಿಯನ್ನು, ವಿದೇಶಿ ಬ್ರ್ಯಾಂಡ್‌ಗಳ ಒತ್ತಡ ಎಲ್ಲವೂ ಬೇಕಾಯಿತು. ಹೀಗಾಗಿ ಮೂಲ ದರ ಸರಿಯಾಗದೆ ಡಿಎ ಒಂದನ್ನೇ ನೆಚ್ಚಿಕೊಂಡು ಬದುಕಲು ಆಗುವುದಿಲ್ಲ.

ಮೂಲ ದರವನ್ನು ಹೆಚ್ಚೆಂದರೆ ಐದು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು ಎಂದು 1948ರ ಕನಿಷ್ಠ ವೇತನ ಕಾಯ್ದೆ ಹೇಳಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ವೇತನ ಸಂಹಿತೆಯೂ ಅದನ್ನೇ ಹೇಳುತ್ತದೆ. ಎಷ್ಟು ಎಂಬುದನ್ನು ಯಾರದೋ ಉದಾರತೆಗೆ ಬಿಟ್ಟಿಲ್ಲ, ಅದಕ್ಕೊಂದು ಸೂತ್ರ ಇದೆ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಅದನ್ನು ಒಪ್ಪಿತು: ದುಡಿಯುವವರು, ಸಂಗಾತಿ, ಇಬ್ಬರು ಮಕ್ಕಳು ಸೇರಿ ಮೂರು ಘಟಕ (ದುಡಿಯುವ ಒಬ್ಬರ ಬಳಕೆಯ ಅಳತೆ ಒಂದು ಘಟಕ); ಘಟಕವೊಂದಕ್ಕೆ ದಿನಕ್ಕೆ 2,700 ಕ್ಯಾಲೊರಿ ಆಹಾರ; ಇಡೀ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ; ಮನೆ ಬಾಡಿಗೆ; ಸೌದೆ, ದೀಪ, ಇತರೆ ಖರ್ಚಿಗೆ ಶೇ 20. ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪಿಗೆ ಒಟ್ಟು ವೇತನದ ಶೇ 25 ಇರಬೇಕು ಎಂದು 1991ರಲ್ಲಿ ರಪ್ಟಾಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಸೇರಿಸಿತು.

ಇದನ್ನು ನಿಮ್ಮ ಬೀದಿಯ ಅಂಗಡಿ ದರದಲ್ಲೇ ಹಾಕಿ ನೋಡಬಹುದು. ಕೇಂದ್ರದ 7ನೇ ವೇತನ ಆಯೋಗ ಬಳಸಿದ ತಿಂಗಳ ಪ್ರಮಾಣ ಹೀಗಿದೆ: ಅಕ್ಕಿ ಅಥವಾ ಗೋಧಿ 42.75 ಕೆ.ಜಿ., ಬೇಳೆ 7.2 ಕೆ.ಜಿ., ಎಲ್ಲಾ ತರಕಾರಿ ಸೇರಿ 27 ಕೆ.ಜಿ., ಹಣ್ಣು 10.8 ಕೆ.ಜಿ., ಹಾಲು 18 ಲೀಟರ್, ಸಕ್ಕರೆ ಅಥವಾ ಬೆಲ್ಲ 5 ಕೆ.ಜಿ., ಅಡುಗೆ ಎಣ್ಣೆ 3.6 ಕೆ.ಜಿ., ಮೀನು 2.25 ಕೆ.ಜಿ., ಮಾಂಸ 4.5 ಕೆ.ಜಿ., ಮೊಟ್ಟೆ 81, ಬಟ್ಟೆ 5.5 ಮೀಟರ್. ಅಕ್ಕಿ 50, ಬೇಳೆ 130, ತರಕಾರಿ 40, ಹಣ್ಣು 80, ಹಾಲು 46, ಸಕ್ಕರೆ 50, ಎಣ್ಣೆ 140, ಮೀನು 250, ಮಾಂಸಕ್ಕೆ ಕೋಳಿ ದರ 220, ಮೊಟ್ಟೆ 7 ರೂ. ಎಂದು ಹಿಡಿದರೆ ಊಟಕ್ಕೇ 8,719 ರೂ. ಬಟ್ಟೆ ಮೀಟರಿಗೆ 150ರಂತೆ 825 ರೂ. ಎರಡೂ ಸೇರಿ 9,544. ಸೌದೆ-ದೀಪದ ಶೇ 20 ಒಳಗೊಳ್ಳಲು ಇದನ್ನು 0.8ರಿಂದ ಭಾಗಿಸಿ: 11,930. ನಗರದಲ್ಲಿ ಒಂದು ರೂಮಿನ ಬಾಡಿಗೆ 5,000 ಎಂದು ಸೇರಿಸಿ: 16,930. ಕೊನೆಗೆ ಕೋರ್ಟ್ ಹೇಳಿದ ಶೇ 25ಕ್ಕಾಗಿ 0.75ರಿಂದ ಭಾಗಿಸಿ: 22,573 ರೂ.

ರಾಜ್ಯ ಸರ್ಕಾರ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಕರಡು ಅಧಿಸೂಚನೆಯಲ್ಲಿ ಬೆಂಗಳೂರು ಇರುವ ಒಂದನೇ ವಲಯದ ಕೌಶಲರಹಿತ ಕೆಲಸಕ್ಕೆ ಪ್ರಸ್ತಾಪಿಸಿದ್ದು 23,376 ರೂ., ಮೂರನೇ ವಲಯಕ್ಕೆ 19,319 ರೂ. ಕೇಳಿದ ಕೂಡಲೇ ಅತಿಯಾಯಿತು ಅನ್ನಿಸುವ ಮೊತ್ತ. ಅಂಗಡಿ ಚೀಟಿ ಹಿಡಿದು ಕೂತರೆ ಮಾತ್ರ ಎಲ್ಲೂ ದುಂದು ಕಾಣುವುದಿಲ್ಲ. ಇದೇ ಸೂತ್ರದ ಮೇಲೆ ಕೇಂದ್ರ ಸರ್ಕಾರ ತನ್ನ ಅತಿ ಕೆಳಗಿನ ನೌಕರರಿಗೆ 2016ರಲ್ಲೇ 18,000 ರೂ. ಕೊಟ್ಟಿತು. ಕಚೇರಿಯ ಜವಾನರ ಮನೆಯಲ್ಲಿ ಬೇಯುವ ಅಕ್ಕಿಯೂ ಟೈಲರ್ ಮನೆಯಲ್ಲಿ ಬೇಯುವ ಅಕ್ಕಿಯೂ ಒಂದೇ ಬೆಲೆಯದು.

ಇನ್ನು ಕೆಲಸ ಹೋಗುವ ಭಯ. ಅದನ್ನು ತಳ್ಳಿಹಾಕಬಾರದು. ಎಲ್ಲಾ ಉದ್ಯಮಕ್ಕೂ ಒಂದೇ ಮಾತು ಅನ್ವಯವಾಗುವುದೂ ಇಲ್ಲ. 1992ರಲ್ಲಿ ಅಮೆರಿಕದ ನ್ಯೂಜೆರ್ಸಿ ಕನಿಷ್ಠ ವೇತನವನ್ನು ಗಂಟೆಗೆ 4.25ರಿಂದ 5.05 ಡಾಲರಿಗೆ ಏರಿಸಿದಾಗ ಅರ್ಥಶಾಸ್ತ್ರಜ್ಞರಾದ ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಅಲ್ಲಿನ ಫಾಸ್ಟ್‌ಫುಡ್ ಹೋಟೆಲುಗಳನ್ನು ಪಕ್ಕದ ಪೆನ್ಸಿಲ್ವೇನಿಯಾದವುಗಳ ಜೊತೆ ಹೋಲಿಸಿದರು. ಕೆಲಸ ಕಡಿಮೆಯಾಗಿದ್ದು ಕಾಣಲಿಲ್ಲ. ಹೋಟೆಲ್, ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಆಸ್ಪತ್ರೆ ಕೆಲಸಗಳು ಗಿರಾಕಿ ಇದ್ದಲ್ಲೇ ನಡೆಯಬೇಕು. ಅಲ್ಲಿ ವೇತನ ಏರಿದರೆ ಬಿಲ್ಲು ಸ್ವಲ್ಪ ಏರುತ್ತದೆ, ಕೆಲಸ ಅಲ್ಲೇ ಇರುತ್ತದೆ. ಇಂಥ ಉದ್ಯಮಗಳಲ್ಲಿ ತಡ ಮಾಡಲು ಕಾರಣವೇ ಇಲ್ಲ.

ಶರ್ಟು ಹಾಗಲ್ಲ, ಅದನ್ನು ಎಲ್ಲಿ ಬೇಕಾದರೂ ಹೊಲಿಯಬಹುದು. ಒಂದು ಶರ್ಟಿನ ಲೆಕ್ಕ ನೋಡೋಣ. ತಿಂಗಳಿಗೆ 26 ದಿನ, 8 ಗಂಟೆಯಂತೆ 12,480 ನಿಮಿಷ. ಸಂಬಳ 14,000 ಇದ್ದು ಪಿಎಫ್, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ), ಬೋನಸ್, ಗ್ರಾಚ್ಯುಟಿ ಸೇರಿ ಮಾಲೀಕರಿಗೆ 17,400 ಬೀಳುತ್ತದೆ ಎನ್ನಿ. ನಿಮಿಷಕ್ಕೆ 1.39 ರೂ. ಲೈನಿನ ದಕ್ಷತೆ ಶೇ 50 ಇದ್ದರೆ, ಅಂದರೆ ಅರ್ಧ ಹೊತ್ತು ಮಾತ್ರ ಹೊಲಿಗೆಗೆ ಸಲ್ಲುತ್ತಿದ್ದರೆ, ಅದು 2.79 ಆಗುತ್ತದೆ. 20 ನಿಮಿಷದ ಹೊಲಿಗೆ ಇರುವ ಶರ್ಟಿಗೆ ಸುಮಾರು 56 ರೂ. ಕೂಲಿ. ಸಂಬಳ 23,376ಕ್ಕೆ ಏರಿ ಮಾಲೀಕರ ಖರ್ಚು 29,000 ಆದರೆ ಅದೇ ಶರ್ಟಿಗೆ 93 ರೂ. ಹೆಚ್ಚಿದ್ದು 37 ರೂ. ದಕ್ಷತೆಯನ್ನು ಶೇ 60ಕ್ಕೆ ತಂದರೆ ಕೂಲಿ 77ಕ್ಕೆ ಇಳಿಯುತ್ತದೆ, ಹೊರೆ 21ಕ್ಕೆ ಬರುತ್ತದೆ. ಹೊರದೇಶದ ಅಂಗಡಿಯಲ್ಲಿ ಎರಡು-ಮೂರು ಸಾವಿರಕ್ಕೆ ಮಾರಾಟವಾಗುವ ಶರ್ಟಿಗೆ ಇದು ದೊಡ್ಡದಲ್ಲ. ಆದರೆ ಕಡಿಮೆ ದರಕ್ಕೆ ಆರ್ಡರ್ ಒಪ್ಪಿಕೊಂಡ ಫ್ಯಾಕ್ಟರಿಗೆ ಇದು ದೊಡ್ಡದು. ಅದರ ಲಾಭವೇ ಶರ್ಟಿಗೆ ಅಷ್ಟು ಇರದೆ ಹೋಗಬಹುದು. ಟಾರ್ಗೆಟ್ ಏರಿಸಿ ಟೈಲರ್‌ಗಳ ಬೆನ್ನು ಮುರಿಯುವುದು ದಕ್ಷತೆಯಲ್ಲ. ಲೈನ್ ಬ್ಯಾಲೆನ್ಸ್ (ಲೈನಿನಲ್ಲಿ ಕೆಲಸವನ್ನು ಸಮನಾಗಿ ಹಂಚುವುದು), ಮೆಷಿನ್ ರಿಪೇರಿ, ಕಟಿಂಗ್ ಪೀಸ್‌ಗಳು ಹೊತ್ತಿಗೆ ಸರಿಯಾಗಿ ಲೈನಿಗೆ ಬರುವುದು, ಇವುಗಳಿಂದ ಬರಬೇಕಾದದ್ದು ಅದು.

ಹಾಗಾಗಿ ಗಾರ್ಮೆಂಟ್ಸ್‌ನಲ್ಲಿ ಏರಿಕೆಯನ್ನು ಎರಡು-ಮೂರು ಕಂತಿನಲ್ಲಿ, ತಾರೀಖು ಮೊದಲೇ ಹೇಳಿ ಜಾರಿ ಮಾಡುವುದು ಸರಿ. ಖರೀದಿದಾರರ ಜೊತೆ ಮುಂದಿನ ಸೀಸನ್ನಿನ ದರ ಮಾತಾಡಲು ಫ್ಯಾಕ್ಟರಿಗೆ ಸಮಯ ಸಿಗುತ್ತದೆ. ಜೊತೆಗೆ ರಾಷ್ಟ್ರೀಯ ತಳಮಟ್ಟದ ವೇತನ, ಅಂದರೆ ದೇಶಕ್ಕೆಲ್ಲ ಕೇಂದ್ರ ಹೇಳುವ ಕೆಳಮಿತಿ, ಏರಲೇಬೇಕು. 2019ರಲ್ಲಿ ಅದನ್ನು ನಿಗದಿ ಮಾಡಿದ್ದು ದಿನಕ್ಕೆ 178 ರೂ., 26 ದಿನಕ್ಕೆ 4,628 ರೂ. ಬೆಂಗಳೂರಿನಿಂದ ಹಿಂದೂಪುರ ದೂರವಿಲ್ಲ. ಗಡಿ ದಾಟಿದ ಕೂಡಲೇ ವೇತನ ಕುಸಿಯುವಂತಿದ್ದರೆ ಫ್ಯಾಕ್ಟರಿ ಹೊರಟೇ ಹೋಗುತ್ತದೆ.

ಯಾರೂ ಅಷ್ಟಾಗಿ ಮಾತಾಡದ ಇನ್ನೊಂದು ತೊಡಕು ಇಎಸ್‌ಐ. ಅದಕ್ಕೆ ಸೇರಲು 2017ರಲ್ಲಿ ನಿಗದಿಯಾದ ಸಂಬಳದ ಮಿತಿ ತಿಂಗಳಿಗೆ 21,000 ರೂ. ಅದನ್ನು ಏರಿಸದೆ ಕನಿಷ್ಠ ವೇತನವನ್ನು 23,376 ಮಾಡಿದರೆ, ಸಂಬಳ ಏರಿದ ಖುಷಿಯ ಹಿಂದೆಯೇ ಇಡೀ ಕುಟುಂಬ ಇಎಸ್‌ಐ ಆಸ್ಪತ್ರೆಯಿಂದ ಹೊರಗೆ ಬೀಳುತ್ತದೆ. ನಡೆಯುತ್ತಿರುವ ವಂತಿಗೆ ಅವಧಿ, ಅಂದರೆ ಮಾರ್ಚ್ ಅಥವಾ ಸೆಪ್ಟೆಂಬರ್ ಕೊನೆ, ಮುಗಿಯುವವರೆಗೆ ಮಾತ್ರ ವಂತಿಗೆ ಕಟ್ಟುವುದು ಮುಂದುವರಿಯುತ್ತದೆ. ವೇತನದ ಜೊತೆಗೇ ಈ ಮಿತಿಯನ್ನೂ ಏರಿಸಬೇಕೆಂದು ಯೂನಿಯನ್‌ಗಳು ಪಟ್ಟು ಹಿಡಿಯಬೇಕು.

ಈಗಿನ ದರವಾದರೂ ಸರಿಯಾಗಿ ಸಿಗುತ್ತಿದೆಯೇ ಎಂದು ನೋಡಿಕೊಳ್ಳಲು ಪೇ ಸ್ಲಿಪ್ಪಿನಲ್ಲಿ ಬೇಸಿಕ್ ಮತ್ತು ಡಿಎ ಕೂಡಿಸಿ, ನಿಮ್ಮ ಕೆಲಸ, ವಲಯ, ದರ್ಜೆಯ ಅಧಿಸೂಚಿತ ದರದ ಜೊತೆ ಹೋಲಿಸಿ. ಓವರ್‌ಟೈಮ್ ಹಣ, ಮಾಲೀಕರ ಪಾಲಿನ ಪಿಎಫ್ ಇದರಲ್ಲಿ ಸೇರುವುದಿಲ್ಲ. ಡಿಎ ಎಂಬ ಬೇರೆ ಕಾಲಂ ಇಲ್ಲದ ಮಾತ್ರಕ್ಕೆ ಅದು ಮೋಸವಲ್ಲ. ಒಟ್ಟು ವೇತನ ಕನಿಷ್ಠ ದರಕ್ಕಿಂತ ಕಡಿಮೆ ಇಲ್ಲದಿದ್ದರೆ ಸಾಕು ಎಂದು ಏರ್‌ಫ್ರೈಟ್ ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕಡಿಮೆ ಬಿದ್ದಿದ್ದರೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಿ. ಹಳೆ ಕಾಯ್ದೆಯಲ್ಲಿ ಆರು ತಿಂಗಳಿದ್ದ ಗಡುವು ಹೊಸ ಸಂಹಿತೆಯಲ್ಲಿ ಮೂರು ವರ್ಷ ಆಗಿದೆ, ಬಾಕಿಯ ಜೊತೆ ಅದರ ಹತ್ತು ಪಟ್ಟಿನವರೆಗೆ ಪರಿಹಾರ ಕೊಡಿಸುವ ಅವಕಾಶ ಇದೆ. ಕೊಟ್ಟಿದ್ದೇನೆ ಎಂದು ಸಾಬೀತು ಮಾಡಬೇಕಾದವರು ಮಾಲೀಕರು. ಆದರೂ ಪೇ ಸ್ಲಿಪ್, ಬ್ಯಾಂಕ್ ಪಾಸ್‌ಬುಕ್, ಹಾಜರಾತಿ ಕಾರ್ಡಿನ ಫೋಟೊ ನಿಮ್ಮ ಬಳಿ ಇರಲಿ. ಕಾಂಟ್ರಾಕ್ಟರ್ ಮೂಲಕ ಸೇರಿದವರಿಗಂತೂ ಯಾವ ಕಂಪನಿಯಲ್ಲಿ ಕೆಲಸ ಮಾಡಿದೆ ಎಂದು ತೋರಿಸಲು ಅದಕ್ಕಿಂತ ಗಟ್ಟಿ ಆಧಾರ ಬೇರೆ ಸಿಗುವುದು ಕಷ್ಟ.