ಬೀರುವಿನಲ್ಲಿ ಒಣಗಿದ ರಷ್ಯನ್ ಪಿಸ್ತೂಲು

ಕಳೆದ ಡಿಸೆಂಬರ್‌ನಲ್ಲಿ ಮಂಡ್ಯದ ಹಿರಿಯರೊಬ್ಬರು ಮೈಸೂರಿನ ನನ್ನ ವರ್ಕ್‌ಶಾಪಿಗೆ ಒಂದು ಏರ್ ಪಿಸ್ತೂಲು ತಂದರು. ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿದರೆ ಇಝ್-46ಎಂ! ಮರದ ಹಿಡಿ ಹೊಸದರಂತಿತ್ತು. ಲಿವರ್ ಎಳೆದು ಮುಚ್ಚಿದೆ. ಸುಯ್ ಅಂತ ಗಾಳಿ ಸೋರಿಹೋಯಿತು.

"ಹತ್ತು ವರ್ಷದಿಂದ ಜೋಪಾನವಾಗಿ ಬೀರುವಿನಲ್ಲಿ ಇಟ್ಟಿದ್ದೆ ಸರ್. ಒಂದು ಗುಂಡೂ ಹೊಡೆದಿಲ್ಲ."

"ತೊಂದರೆ ಆಗಿರೋದೇ ಅದರಿಂದ ಯಜಮಾನ್ರೇ" ಅಂದೆ.

ಇದು ರಷ್ಯಾದ ಇಝೆವ್ಸ್ಕ್ ಊರಿನ ಪಿಸ್ತೂಲು. ಸೋವಿಯತ್ ಸೇನೆಯ ಮಕರೋವ್ ಪಿಸ್ತೂಲು ತಯಾರಿಸಿದ ಕಾರ್ಖಾನೆಯಲ್ಲೇ ಹುಟ್ಟಿದ್ದು, ಬೈಕಾಲ್ ಹೆಸರಿನಲ್ಲಿ ಮಾರಾಟವಾಯಿತು. ಇದರಲ್ಲಿ ಸ್ಪ್ರಿಂಗ್ ಹೊಡೆತವಿಲ್ಲ, ಗ್ಯಾಸ್ ಸಿಲಿಂಡರ್ ಬೇಕಿಲ್ಲ. ನಳಿಗೆಯ ಕೆಳಗಿನ ಲಿವರನ್ನು ಪೂರ್ತಿ ಮುಂದಕ್ಕೆ ತೆರೆದರೆ ಒಳಗೆ ಗಾಳಿ ತುಂಬುತ್ತದೆ, ವಾಪಸ್ ತಂದರೆ ಅದು ಒತ್ತಿಕೊಳ್ಳುತ್ತದೆ. ಒಂದು ಗುಂಡಿಗೆ ಒಂದೇ ಸಲ. ಪ್ರತಿ ಸಲವೂ ಅಷ್ಟೇ ಗಾಳಿ, ಅಷ್ಟೇ ಒತ್ತಡ, ಆದ್ದರಿಂದ ವೇಗವೂ ಹೆಚ್ಚುಕಡಿಮೆ ಆಗುವುದಿಲ್ಲ. ಕೈ ಅದುರುವುದೂ ಇಲ್ಲವೇ ಇಲ್ಲ ಅನ್ನಬಹುದು. 10 ಮೀಟರ್ ದೂರದ ಗುರಿಯಲ್ಲಿ ಹತ್ತು ಅಂಕ ಕೊಡುವ ವೃತ್ತ 11.5 ಮಿ.ಮೀ. ಅಗಲ, ಶರ್ಟಿನ ಗುಂಡಿಯಷ್ಟು. ಅಲ್ಲಿಗೆ ಹೊಡೆಯಲು ಇಂಥ ಸ್ಥಿರತೆಯೇ ಬೇಕು, ಅಲ್ವಾ?

ಅಷ್ಟೂ ಒತ್ತಡವನ್ನು ಹಿಡಿದಿಡುವುದು ರಬ್ಬರ್ ಸೀಲ್. ಬಿಚ್ಚಿ ನೋಡಿದೆ. ಸೀಲ್ ಒಣಗಿ ಗಟ್ಟಿಯಾಗಿತ್ತು. ಸುತ್ತ ಬಿಳಿ ಪದರ ಬೇರೆ. ಕೊಬ್ಬರಿ ಎಣ್ಣೆ! ಯಾರೋ ಪ್ರೀತಿಯಿಂದ ಬಿಟ್ಟಿದ್ದಾರೆ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ನಮ್ಮ ಚಳಿಗಾಲದ ಬೆಳಗ್ಗೆ ಬಚ್ಚಲಿನ ಬಾಟಲಿಯಲ್ಲಿ ನೋಡಿರುತ್ತೀರಿ. ಪಿಸ್ತೂಲಿಗೆ ಸಿಲಿಕೋನ್ ಎಣ್ಣೆಯೇ ಬೇಕು, ಅದೂ ಒಂದೆರಡು ಹನಿ. ಸೀಲ್ ಬದಲಿಸಿದೆ, ಗಾಳಿ ಸೋರುವುದು ನಿಂತಿತು.

ಸಂಗ್ರಹಕ್ಕೆ ಅಂತ ಕೊಳ್ಳುವವರಿಗೆ ನಾನು ಬೇಡಿಕೊಳ್ಳುವುದು ಇಷ್ಟೇ: ವಾರಕ್ಕೊಮ್ಮೆ ಹತ್ತು ಗುಂಡು ಹೊಡೆಯಿರಿ. ಗಾಳಿ ತುಂಬಿಸಿ ಸುಮ್ನೆ ಇಟ್ಟುಬಿಡಬೇಡಿ. ಕೊಳ್ಳುವಾಗ ಪಾಲಿಶ್ ನೋಡಬೇಡಿ, ಲಿವರ್ ಮುಚ್ಚಿ ಕಿವಿಗೊಡಿ.

ಮಕರೋವ್ ರೂಪದ ಎಂಪಿ-654ಕೆ ಕೂಡ ಅನೇಕರ ಆಸೆ. ಅದು 12 ಗ್ರಾಂ ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನದು. ಅದರ ಉಕ್ಕಿನ ಗುಂಡು ಗಟ್ಟಿ ಜಾಗಕ್ಕೆ ಬಡಿದರೆ ವಾಪಸ್ ಚಿಮ್ಮುತ್ತದೆ, ಸೇಫ್ಟಿ ಕನ್ನಡಕ ಹಾಕದೆ ಮುಟ್ಟಬೇಡಿ. ನೋಡಲು ಥೇಟ್ ಅಸಲಿಯಂತೆ ಇರುವುದರಿಂದ ಬೀದಿಯಲ್ಲಿ ಕೈಯಲ್ಲಿ ಹಿಡಿದು ಓಡಾಡುವುದಂತೂ ಬೇಡವೇ ಬೇಡ.

ಲೈಸೆನ್ಸ್ ಬಗ್ಗೆ ಎಲ್ಲರೂ ಕೇಳುತ್ತಾರೆ. 2016ರ ಆಯುಧ ನಿಯಮಗಳ ಪ್ರಕಾರ 20 ಜೂಲ್ ಶಕ್ತಿ ಅಥವಾ 0.177 ಇಂಚು ನಳಿಗೆಯ ಒಳ ಅಳತೆ ದಾಟಿದ ಏರ್‌ಗನ್ನಿಗೆ ಲೈಸೆನ್ಸ್ ಬೇಕು. ಇಝ್-46ಎಂ ಅದೇ 0.177, ಶಕ್ತಿ ಸುಮಾರು 5 ಜೂಲ್, ಎರಡೂ ಮಿತಿ ದಾಟಿಲ್ಲ.

ಗುಂಡು ಮಾತ್ರ ಚಪ್ಪಟೆ ತಲೆಯದೇ ಇರಲಿ, ಕಾಗದದಲ್ಲಿ ದುಂಡಗೆ ತೂತು ಬೀಳುತ್ತದೆ. ಅದು ಸೀಸದ್ದು, ಹೊಟ್ಟೆಗೆ ಸೇರಿದರೆ ವಿಷ. ಮೊಮ್ಮಕ್ಕಳು ಪಕ್ಕದಲ್ಲಿ ನಿಂತು ಗುಂಡು ಎತ್ತಿಕೊಡುತ್ತಾರೆ ಅಂತ ಆ ಯಜಮಾನರು ಹೇಳಿದಾಗ ಕೂಡಲೇ ಬೇಡ ಅಂದೆ. ಹೊಡೆದವರೂ ಸೋಪು ಹಾಕಿ ಕೈ ತೊಳೆದ ಮೇಲೆಯೇ ತಿಂಡಿ ಮುಟ್ಟಬೇಕು.