ಪ್ಲೇಟು ಅಡುಗೆಮನೆಯದ್ದಲ್ಲ

ರಕ್ತ ಪರೀಕ್ಷೆಯ ವರದಿಯಲ್ಲಿ ಪ್ಲೇಟ್‌ಲೆಟ್ ಎಂದಿರುತ್ತದೆ. ಭೂಕಂಪವಾದ ಮರುದಿನ ಪತ್ರಿಕೆಯಲ್ಲಿ ಭೂಮಿಯ ಪ್ಲೇಟುಗಳ ಚಿತ್ರ ಬರುತ್ತದೆ. ಗಾಡಿಗೆ ನಂಬರ್ ಪ್ಲೇಟ್, ಬ್ಯಾಟರಿಯೊಳಗೆ ಸೀಸದ ಪ್ಲೇಟ್, ಮುರಿದ ಮೂಳೆಗೆ ಸ್ಕ್ರೂ ಹಾಕಿ ಕೂರಿಸುವ ಪ್ಲೇಟ್. ಊಟದ ತಟ್ಟೆಯ ಹೆಸರು ಇಷ್ಟೆಲ್ಲಾ ಕಡೆಗೆ ಹೇಗೆ ಹೋಯಿತು ಅಂತ ಅನಿಸುತ್ತದೆ, ಅಲ್ವಾ? ನಿಜಕ್ಕೂ ನಡೆದದ್ದು ತಲೆಕೆಳಗು. ಈ ಪದ ಊಟಕ್ಕೆ ಬಂದದ್ದೇ ತಡವಾಗಿ.

ಫ್ರೆಂಚಿನಲ್ಲಿ ‘ಪ್ಲಾ’ ಎಂದರೆ ಚಪ್ಪಟೆ. ಇಂಗ್ಲಿಷಿಗೆ ಬಂದ ಹೊಸದರಲ್ಲಿ ಪ್ಲೇಟ್ ಎಂದರೆ ಬಡಿದು ತೆಳ್ಳಗೆ ಮಾಡಿದ ಲೋಹದ ತಗಡು. ಯೋಧರ ಎದೆಕವಚ ಅದರಿಂದಲೇ ಆಗುತ್ತಿತ್ತು. ಊಟದ ತಟ್ಟೆ ಎಂಬ ಅರ್ಥ ಆಮೇಲೆ ಸೇರಿಕೊಂಡಿತು. ಇದೇ ಬಳಗದ ಪದ ಸ್ಪ್ಯಾನಿಷಿನಲ್ಲಿ ‘ಪ್ಲಾಟಾ’ ಆಗಿ, ಬೆಳ್ಳಿಯ ಹೆಸರಾಯಿತು. ಈಗಿನ ಕೊಲಂಬಿಯಾದ ನದಿಗಳಲ್ಲಿ ಚಿನ್ನ ಜಾಲಿಸುವಾಗ ಬೆಳ್ಳಿಯ ಬಣ್ಣದ ಕಾಳುಗಳು ಜೊತೆಗೆ ಸಿಗುತ್ತಿದ್ದವು. ಎಷ್ಟು ಕಾಯಿಸಿದರೂ ಕರಗುತ್ತಿರಲಿಲ್ಲ. ಸ್ಪೇನಿನವರು ಬೇಸತ್ತು ಅದಕ್ಕೆ ‘ಪ್ಲಾಟಿನಾ’ ಎಂದರು. ಪುಟ್ಟ ಬೆಳ್ಳಿ, ಒಂಥರಾ ಚಿಲ್ಲರೆ ಬೆಳ್ಳಿ ಅಂತ. ಅದೇ ಇಂದಿನ ಪ್ಲಾಟಿನಂ. ಅದು ಕರಗಲು ಸುಮಾರು 1,768 ಡಿಗ್ರಿ ಸೆಲ್ಸಿಯಸ್ ಬೇಕು. ಬೆಳ್ಳಿಗೆ 962 ಸಾಕು.

ಈ ಪ್ಲೇಟುಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಈಗ ಬಳಕೆಯಲ್ಲೇ ಇಲ್ಲದ ಫೋಟೋ ಪ್ಲೇಟು. ಗಾಜಿನ ಹಲಗೆಯ ಮೇಲೆ ಬೆಳಕಿಗೆ ಕಪ್ಪಾಗುವ ಬೆಳ್ಳಿಯ ಲವಣದ ಲೇಪ, ಅಷ್ಟೇ. 1896ರಲ್ಲಿ ಪ್ಯಾರಿಸ್ಸಿನ ಆಂರಿ ಬೆಕೆರೆಲ್ ಯುರೇನಿಯಂ ಲವಣಗಳನ್ನು ಬಿಸಿಲಿಗಿಟ್ಟು, ಅವು ಹೊಮ್ಮಿಸುವ ಕಿರಣಗಳನ್ನು ಇಂಥ ಪ್ಲೇಟಿನಲ್ಲಿ ಹಿಡಿಯಲು ನೋಡುತ್ತಿದ್ದ. ಫೆಬ್ರವರಿ ಕೊನೆಯಲ್ಲಿ ಮೋಡ ಕವಿಯಿತು. ಬಿಸಿಲಿಲ್ಲದೆ ಏನು ಮಾಡುವುದು? ಕಪ್ಪು ಕಾಗದ ಸುತ್ತಿದ ಪ್ಲೇಟನ್ನೂ ಲವಣವನ್ನೂ ಒಟ್ಟಿಗೆ ಡ್ರಾಯರಿಗೆ ಹಾಕಿಟ್ಟ. ಮಾರ್ಚ್ 1ರಂದು ತೆಗೆದು ತೊಳೆದಾಗ, ಮಸುಕಾಗಿ ಏನಾದರೂ ಕಂಡೀತು ಎಂದುಕೊಂಡಿದ್ದವನಿಗೆ ಗಾಢವಾದ ಅಚ್ಚೇ ಸಿಕ್ಕಿತು. ಬಿಸಿಲಿನ ಹಂಗಿಲ್ಲದೆ ಯುರೇನಿಯಂ ತಾನಾಗಿಯೇ ಕಿರಣ ಸೂಸುತ್ತಿತ್ತು. ವಿಕಿರಣಶೀಲತೆ ಪತ್ತೆಯಾದದ್ದು ಹೀಗೆ.

ಫಿಲ್ಮ್ ಬಂದ ಮೇಲೂ ಖಗೋಳ ವಿಜ್ಞಾನಿಗಳು ಗಾಜನ್ನು ಬಿಡಲಿಲ್ಲ. ಫಿಲ್ಮ್ ಬಾಗುತ್ತದೆ, ಹಿಗ್ಗುತ್ತದೆ. ನಕ್ಷತ್ರಗಳ ಜಾಗ ಅಳೆಯುವವರಿಗೆ ಅದಾಗದು. 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ಆಕಾಶದಲ್ಲಿ ಮಸುಕು ಮೋಡದಂತೆ ಕಾಣುವ ಆಂಡ್ರೊಮಿಡಾದ ಒಂದು ಪ್ಲೇಟಿನಲ್ಲಿ ಚುಕ್ಕಿಯೊಂದನ್ನು ಹೊಸದಾಗಿ ಸಿಡಿದ ನಕ್ಷತ್ರವೆಂದು ಗುರುತು ಹಾಕಿದ್ದ. ಹಳೆಯ ಪ್ಲೇಟುಗಳ ಜೊತೆ ಹೋಲಿಸಿದಾಗ ಅದು ಬೆಳಕು ಏರಿಳಿಯುವ ನಕ್ಷತ್ರ ಎಂದು ಗೊತ್ತಾಯಿತು. ಮೊದಲ ಗುರುತು ಹೊಡೆದುಹಾಕಿ, ‘ವೇರಿಯಬಲ್’ ಪದದ ಮೊದಲ ಮೂರಕ್ಷರ ಬರೆದು, ಪಕ್ಕದಲ್ಲೊಂದು ಆಶ್ಚರ್ಯ ಚಿಹ್ನೆ ಹಾಕಿದ. ಆ ನಕ್ಷತ್ರದಿಂದ ದೂರ ಲೆಕ್ಕ ಹಾಕಿದರೆ, ಆಂಡ್ರೊಮಿಡಾ ನಮ್ಮ ಕ್ಷೀರಪಥದ ಆಚೆಗಿನ ಬೇರೆಯೇ ಗೆಲಾಕ್ಸಿ. ಆ ಚಿಹ್ನೆ ಗಾಜಿನ ಮೇಲೆ ಇನ್ನೂ ಇದೆ.

ಅಡುಗೆಮನೆಯ ನಂಟಿರುವ ಪ್ಲೇಟು ಸಿಗುವುದು ಸೂಕ್ಷ್ಮಜೀವಿಗಳ ಪ್ರಯೋಗಾಲಯದಲ್ಲಿ. ರಾಬರ್ಟ್ ಕಾಖ್ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದದ್ದು ಚಪ್ಪಟೆ ಗಾಜಿನ ಮೇಲೆ. 1887ರಲ್ಲಿ ಅವನ ಸಹಾಯಕ ಪೆಟ್ರಿ ಅದಕ್ಕೆ ಅಂಚು ಕೊಟ್ಟು ಮುಚ್ಚಳ ಹಾಕಿದ. ಲ್ಯಾಬಿನವರು ಇವತ್ತಿಗೂ ಅದನ್ನು ಪ್ಲೇಟ್ ಅಂತಲೇ ಕರೆಯುತ್ತಾರೆ. ಅದರೊಳಗೆ ಬ್ಯಾಕ್ಟೀರಿಯಾ ಬೆಳೆಯಲು ಹಾಕುವ ಅಗರ್, ಅಂದರೆ ಕಡಲಪಾಚಿಯಿಂದ ತೆಗೆದ ಜೆಲ್ಲಿಯಂಥ ವಸ್ತು, ಹೊಳೆದದ್ದು ಫ್ಯಾನಿ ಹೆಸ್ಸೆಗೆ. ಆಕೆಯ ಗಂಡ ಕಾಖ್‌ನ ಬಳಿ ಕೆಲಸ ಮಾಡುತ್ತಿದ್ದ. ಅವರು ಬಳಸುತ್ತಿದ್ದ ಜೆಲಟಿನ್ ಬೆಚ್ಚಗಾದರೆ ನೀರಾಗುತ್ತಿತ್ತು. ಮನೆಯಲ್ಲಿ ಜೆಲ್ಲಿ ಮಾಡಲು ತಾನು ಹಾಕುವ ಅಗರ್ ಹಾಗೆ ಕರಗುವುದಿಲ್ಲವಲ್ಲ ಎಂದಳು.

ಇನ್ನು ಭೂಮಿಯ ಪ್ಲೇಟು. ಭೂಮಿಯ ಹೊರಚಿಪ್ಪು ಕೆಲವು ದೊಡ್ಡ, ಗಟ್ಟಿ ಪ್ಲೇಟುಗಳಾಗಿ ಒಡೆದಿದೆ ಎಂದು ಭೂವಿಜ್ಞಾನಿ ಟುಝೊ ವಿಲ್ಸನ್ ಬರೆದದ್ದು 1965ರಲ್ಲಿ. ಇವು ಚಪ್ಪಟೆ ಅಲ್ಲವೇ ಅಲ್ಲ. ಗೋಳದ ಚೂರು ಚಪ್ಪಟೆಯಾಗಿರಲು ಹೇಗೆ ಸಾಧ್ಯ? ಒಡೆದ ಮೊಟ್ಟೆಯ ಚಿಪ್ಪಿನಂತೆ ಬಾಗಿರುತ್ತವೆ. ದಪ್ಪ ಸುಮಾರು 100 ಕಿಲೋಮೀಟರ್, ವೇಗ ಹೆಚ್ಚುಕಮ್ಮಿ ನಮ್ಮ ಉಗುರು ಬೆಳೆಯುವಷ್ಟು. ಆದರೂ ಹೆಸರು ಪೂರ್ತಿ ತಪ್ಪಲ್ಲ. ಒಳಭಾಗ ಅಷ್ಟಾಗಿ ಬಾಗುವುದಿಲ್ಲ, ಹೆಚ್ಚಿನ ಗಲಾಟೆಯೆಲ್ಲ ಅಂಚಿನಲ್ಲೇ. ಕನ್ನಡದಲ್ಲಿ ‘ಭೂಫಲಕ’ ಎಂದು ಮಾಡಿಕೊಂಡದ್ದು ಒಳ್ಳೆಯದಾಯಿತು. ಭೂತಟ್ಟೆ ಎಂದಿದ್ದರೆ ಸುಮ್ನೆ ನಗು ಬರುತ್ತಿತ್ತು.

ರಕ್ತದ ವಿಷಯಕ್ಕೆ ಮಾತ್ರ ನಾವು ತಟ್ಟೆಯನ್ನು ಬಿಟ್ಟಿಲ್ಲ. ಪ್ಲೇಟ್‌ಲೆಟ್ಟಿಗೆ ಪಠ್ಯಪುಸ್ತಕದ ಹೆಸರು ಕಿರುತಟ್ಟೆ. ಅಗಲ ಎರಡು ಮೂರು ಮೈಕ್ರೋಮೀಟರ್, ಆಯಸ್ಸು 8ರಿಂದ 10 ದಿನ. ಇವು ಪೂರ್ತಿ ಜೀವಕೋಶಗಳೂ ಅಲ್ಲ. ಮೂಳೆಯ ಮಜ್ಜೆಯಲ್ಲಿರುವ ದೈತ್ಯ ಕೋಶಗಳಿಂದ ಕಳಚಿಕೊಂಡ ಚೂರುಗಳು. ರಕ್ತದಲ್ಲಿ ಸುಮ್ಮನೆ ತೇಲುತ್ತಿರುವಾಗ ಬಿಲ್ಲೆಯಂತೆ ಚಪ್ಪಟೆಯಾಗಿಯೇ ಇರುತ್ತವೆ. ಎಲ್ಲೋ ಗಾಯವಾಯಿತು ಅನ್ನಿ. ಅಲ್ಲಿಗೆ ತಗುಲಿದ ಕೂಡಲೇ ಉಬ್ಬಿ, ಮೈಯೆಲ್ಲ ಮುಳ್ಳಿನಂಥ ಕೈಗಳನ್ನು ಚಾಚಿ, ಒಂದನ್ನೊಂದು ಹಿಡಿದುಕೊಂಡು ತೂತು ಮುಚ್ಚುತ್ತವೆ. ಆಗ ಅವುಗಳಲ್ಲಿ ತಟ್ಟೆಯ ಆಕಾರ ಹುಡುಕಿದರೂ ಸಿಗುವುದಿಲ್ಲ.